ಎರಡು ಕಿವಿಗೆ ಒಂದು ಹೆಸರು

“ನಿನ್ನ ಮನೇಲಿರೋದು ಮಗು ಅಂತ ಯಾರ್ಲಾ ಹೇಳಿದ್ದು ನಿಂಗೆ? ಉಪ್ಪಿನ ಮೂಟೆ ಕಣ್ಲಾ ಅದು. ಮೂಟೆ ಕಾಯೋಕೆ ಗಂಡಸು ಮನೇಲಿ ಕೂತ್ಕೋತಾನೇನ್ಲಾ?”

ದೊಡ್ಡಪ್ಪ ಈ ಮಾತು ಆಡಿದ್ದು ಉಪ್ಪಿನಾಗರದ ಏರಿಯ ಮೇಲೆ ನಿಂತು. ಕೆಳಗೆ ಪಾತಿಗಳಲ್ಲಿ ಉಪ್ಪು ಎಳೆಯುತ್ತಿದ್ದ ನಲವತ್ತು ಜನ ಹಲಗೆ ನಿಲ್ಲಿಸಿ ತಲೆ ಎತ್ತಿದರು. ಒಬ್ಬ ನಕ್ಕ. ಅವನು ನಕ್ಕನೆಂದು ಇನ್ನಿಬ್ಬರು ನಕ್ಕರು. ನಾನು ತಡವಾಗಿ ಬಂದಿದ್ದೆ, ನಿಜ. ರಾತ್ರಿಯೆಲ್ಲ ಎಚ್ಚರವಿದ್ದ ಹೆಂಡತಿ ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತೇನೆ ಎಂದಳು. ಅವಳು ಏಳುವ ತನಕ ಮಗಳ ಮುಖ ನೋಡುತ್ತ ಕೂತಿದ್ದೆ. ಮುಖ ನೋಡದೆ ನಮಗೆ ಬೇರೆ ದಾರಿ ಇರಲಿಲ್ಲ. ಇದು ಅಲ್ಲಿದ್ದ ನಲವತ್ತು ಜನರಿಗೂ ಗೊತ್ತು. ನಕ್ಕವನಿಗೂ ಗೊತ್ತು, ಅವನ ಮನೆಯಲ್ಲೂ ಮೂರು ಮಕ್ಕಳಿದ್ದಾರೆ.

ನನ್ನ ಕೈಯಲ್ಲಿದ್ದ ಹಲಗೆಯನ್ನು ಏರಿಯ ಕಲ್ಲಿಗೆ ಬಡಿದೆ. ಹಿಡಿ ಎರಡು ತುಂಡಾಯಿತು. “ಇನ್ನೊಂದ್ಸಲ ಅನ್ನು ನೋಡನ” ಎಂದೆ. ಇಬ್ಬರು ಬಂದು ರಟ್ಟೆ ಹಿಡಿದರು.

“ಅನ್ನಲ್ಲ ಬಿಡು,” ಎಂದ ದೊಡ್ಡಪ್ಪ, ಕೈಯನ್ನು ಹಿಂದೆ ಕಟ್ಟಿಕೊಂಡೇ. “ಐವತ್ತು ದಿನ ಆಯ್ತು. ನಾಕು ಜನಕ್ಕೆ ಕೇಳೋ ಹಂಗೆ ಒಂದ್ಸಲ ಅಳ್ಸು. ಆಮೇಲೆ ಮಗು ಅಂತೀನಿ. ಈಗ ಮನೆಗೋಗು, ಹಲಗೆ ಸರಿ ಮಾಡ್ಕೊಂಡು ಬಾ. ಆಗರ ನಿಮ್ಮಪ್ಪಂದಲ್ಲ, ಮುರ್ಕೊಂಡು ಕೂರೋಕೆ.”

ನಮ್ಮಪ್ಪನದಲ್ಲ, ಸರಿ. ನಮ್ಮಪ್ಪ ಇದೇ ಪಾತಿಗಳಲ್ಲಿ ಕಾಲು ಒಡೆಸಿಕೊಂಡು, ಒಡೆದ ಕಾಲಿಗೆ ನಂಜೇರಿ ಸತ್ತ. ನಾನಾಗ ಆರನೇ ಕ್ಲಾಸು. ಕನ್ನಡ ಪುಸ್ತಕದಲ್ಲಿ ಅರ್ಧ ಪಾಠ ಉಳಿದಿತ್ತು. ದೊಡ್ಡಪ್ಪ ಶಾಲೆಗೆ ಬಂದು ಮೇಷ್ಟ್ರ ಹತ್ತಿರ ಏನೋ ಹೇಳಿ, ನನ್ನನ್ನು ಬೆಂಚಿನಿಂದ ಎಬ್ಬಿಸಿಕೊಂಡು ನೇರ ಆಗರಕ್ಕೆ ಕರೆತಂದು ಕೈಗೆ ಹಲಗೆ ಕೊಟ್ಟ. ಆಗರದ ಮೇಸ್ತ್ರಿ ಅವನೇ. ಅವತ್ತಿನಿಂದ ನನಗೆ ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಒಬ್ಬರ ಹೆಸರು ಹೇಳಲಾರೆ.

ನಮ್ಮೂರಲ್ಲಿ ಹೆಸರಿಡುವ ತನಕ ಮಗುವಿನ ಅಳು ಯಾರಿಗೂ ಕೇಳುವುದಿಲ್ಲ. ಹೆತ್ತವಳಿಗೂ ಕೇಳುವುದಿಲ್ಲ. ಬಾಯಿ ತೆರೆಯುತ್ತದೆ, ಮುಖ ಕೆಂಪಗಾಗುತ್ತದೆ, ಕಿರುನಾಲಿಗೆ ನಡುಗುವುದು ಕಾಣುತ್ತದೆ, ಸದ್ದಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ ನೋಡಿದವರಿದ್ದಾರೆ, ಕಾಲಿಗೆ ಏರಿದೊಡನೆ ಗೆಜ್ಜೆಯೂ ಮೂಕಾಗುತ್ತದೆ. ಅದಕ್ಕೇ ಮಗುವಿನ ಕಾಲಿನ ಹೆಬ್ಬೆರಳಿಗೆ ಒಂದು ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ತಾಯಿಯ ಮಣಿಕಟ್ಟಿಗೆ ಕಟ್ಟುತ್ತಾರೆ. ಮಗು ಒದ್ದರೆ ದಾರ ಎಳೆಯುತ್ತದೆ. ಹೆಸರಿಡದ ಮಗುವಿರುವ ಮನೆಯ ಬಾಗಿಲು ಹಾಕುವಂತಿಲ್ಲ. ಬೀದಿಯಲ್ಲಿ ಹಾದು ಹೋಗುವವರು ಇಣುಕಿ ನೋಡಿ “ಮಗು ಅಳ್ತಾ ಐತೆ ನೋಡವ್ವೋ” ಎಂದು ಒಂದು ಮಾತು ಒಗೆದು ಹೋಗಬೇಕು. ಜಗಳವಾಡಿಕೊಂಡವರೂ ಇಣುಕುತ್ತಾರೆ. ಹನ್ನೆರಡು ದಿನದ ಮಾತಲ್ಲವೇ, ಊರೇ ಸೇರಿ ಕಾಯುತ್ತದೆ.

ಹನ್ನೆರಡನೆಯ ದಿನ ಹೆಸರು. ಮಗುವಿನ ಬಲಗಿವಿಗೆ ತಂದೆಯ ಮನೆಯ ಹೆಂಗಸು, ಎಡಗಿವಿಗೆ ತಾಯಿಯ ಮನೆಯ ಹೆಂಗಸು ಬಾಯಿಟ್ಟು, ಒಂದೇ ಉಸಿರಿಗೆ ಒಂದೇ ಹೆಸರನ್ನು ಹೇಳುತ್ತಾರೆ. ಅಲ್ಲಿಂದ ಮುಂದೆ ಆ ಹೆಸರನ್ನು ಒಂದು ಸಲ ಬಾಯಲ್ಲಿ ಆಡಿದವರಿಗೆಲ್ಲ ಮಗುವಿನ ಅಳು ಕೇಳುತ್ತದೆ. ಆಡದವರಿಗೆ ಇಲ್ಲ. ಇಷ್ಟೇ. ಇದರಲ್ಲಿ ತೊಡಕಿದೆ ಎಂದು ನಾನು ಮದುವೆಯಾಗುವ ತನಕ ಯಾರಿಗೂ ಅನಿಸಿರಲಿಲ್ಲ. ಯಾಕೆಂದರೆ ಅಲ್ಲಿಯ ತನಕ ಕಾಲುವೆ ದಾಟಿ ಯಾರೂ ಹೆಣ್ಣು ತಂದಿರಲಿಲ್ಲ.

ಕಾಲುವೆಯ ಈಚೆ ನಾವು, ಉಪ್ಪಿನವರು. ಆಚೆ ದಿಣ್ಣೆಯ ಮೇಲೆ ಹಟ್ಟಿ ಕಟ್ಟಿಕೊಂಡವರು ಕಂಬಳಿಯವರು, ಕುರಿ ಸಾಕುವವರು. ಅವರ ಉಣ್ಣೆ ನಮಗೆ, ನಮ್ಮ ಉಪ್ಪು ಅವರಿಗೆ, ಅಷ್ಟು ಬಳಕೆ ಉಂಟು. ಹೆಸರಿನ ವಿಷಯಕ್ಕೆ ಬಂದರೆ ಮಾತ್ರ ನಾವು ಒಂದು ದಿಕ್ಕು, ಅವರು ಒಂದು ದಿಕ್ಕು. ನಮ್ಮಲ್ಲಿ ಮನೆಯಲ್ಲಿ ಸತ್ತವರ ಹೆಸರನ್ನೇ ಇಡಬೇಕು. ಹಿಂದೆ ಸತ್ತವರಿಲ್ಲದ ಹೆಸರು ನಮ್ಮವರ ಬಾಯಿಂದ ಹೊರಡುವುದಿಲ್ಲ, ಅದು ಬುಡವಿಲ್ಲದ ಹೆಸರು. ನನ್ನದು ದುಗ್ಗಪ್ಪ, ಅಜ್ಜನ ಹೆಸರು. ನಮ್ಮ ಕೇರಿಯಲ್ಲಿ ನಿಂತು ದುಗ್ಗಪ್ಪ ಎಂದರೆ ಐದು ಬಾಗಿಲು ತೆರೆಯುತ್ತವೆ. ಕಂಬಳಿಯವರಲ್ಲಿ ಸತ್ತವರ ಹೆಸರನ್ನು ಉಚ್ಚರಿಸುವುದೇ ಇಲ್ಲ. ಒಬ್ಬರು ಉಟ್ಟು ಬಿಟ್ಟ ಹೆಸರು ಇನ್ನೊಬ್ಬರ ಮೈಗೆ ಬರಬಾರದು, ಬಂದರೆ ಸತ್ತವರು ಹುಡುಕಿಕೊಂಡು ಬರುತ್ತಾರೆ ಎಂದು ಅವರ ನಂಬಿಕೆ. ಹಾಗಾಗಿ ಹುಟ್ಟಿದ ಹೊತ್ತಿಗೆ ಕಣ್ಣಿಗೆ ಬಿದ್ದದ್ದನ್ನು, ಹಿಂದೆ ಯಾರೂ ಇಟ್ಟುಕೊಂಡಿರದದ್ದನ್ನು ಇಡುತ್ತಾರೆ. ನನ್ನ ಹೆಂಡತಿ ಮೂಡಗಾಳಿ, ನನ್ನ ಬಾಯಲ್ಲಿ ಮೂಡಿ. ಅವಳ ತಾಯಿ ಹಬೆಯವ್ವ, ಗಡಿಗೆಯಿಂದ ಹಬೆ ಏಳುವಾಗ ಹುಟ್ಟಿದವಳು. ಮೂಡಿಯ ಸೋದರಮಾವನ ಹೆಸರು ಮುರಿದಕೋಲು, ಎಲ್ಲರೂ ಕೋಲಜ್ಜ ಎನ್ನುತ್ತಾರೆ. ಇಟ್ಟ ಹೆಸರಿಗೆಲ್ಲ ಒಂದೊಂದು ಗಂಟು ಹಾಕಿದ ಉಣ್ಣೆಹಗ್ಗ ಅವನ ಹತ್ತಿರವಿದೆ. ಹಗ್ಗದಲ್ಲಿ ಗಂಟಿದ್ದರೆ ಆ ಹೆಸರು ಮುಗಿಯಿತು.

ಮೂಡಿ ನನ್ನ ಮನೆಗೆ ಬರುವಾಗ ಯಾರೂ ಹೆಸರಿನ ಬಗ್ಗೆ ಯೋಚಿಸಲಿಲ್ಲ. ಬಸುರಿಯಾದಾಗಲೂ ಇಲ್ಲ. ಹನ್ನೆರಡನೆಯ ದಿನ ತೊಟ್ಟಿಲ ಮುಂದೆ ನಿಂತಾಗ ಗೊತ್ತಾಯಿತು. ನಮ್ಮಪ್ಪನ ತಂಗಿ ಬೋರತ್ತೆ ರೇಷ್ಮೆ ಸೀರೆ ಉಟ್ಟು ಬಂದು, “ಸಣ್ತಮ್ಮ. ನಮ್ಮವ್ವನ ಹೆಸ್ರು. ಇನ್ನೇನ್ ಯೋಚ್ನೆ?” ಎಂದು ಮಗುವಿನ ಬಲಗಿವಿಗೆ ಬಗ್ಗಿದಳು. ಹಬೆಯವ್ವ ಎಡಗಿವಿಯನ್ನು ಅಂಗೈಯಿಂದ ಮುಚ್ಚಿದಳು.

“ಯಕ್ಕಾ, ಸತ್ತ ಮುದುಕಿನ್ನ ಕೂಸಿನ ಮೈಯಾಗ ಯಾಕ ಕರಿತೀರಿ? ನಾ ಅನ್ನಾಂಗಿಲ್ಲ.”

“ನಮ್ಮವ್ವ ನಿಂಗೆ ಮುದ್ಕಿ ಆದ್ಲಾ?”

“ಸತ್ತಾಳಿಲ್ಲ?”

“ಸತ್ತವ್ಳೆ ಅಂತಲೇ ಇಡ್ತಿರೋದು! ನಿಮ್ಮ ಕಡೆ ಹೆಂಗೆ ಇಡ್ತೀರವ್ವ, ಬೀದೀಲಿ ಹೋಗೋ ಕತ್ತೆ ನೋಡಿ ಕತ್ತೆ ಅಂತಿಡ್ತೀರಾ?”

“ಇಟ್ಟಾರ,” ಎಂದಳು ಹಬೆಯವ್ವ ಗಂಭೀರವಾಗಿ. “ಕತ್ತಿಮರಿ ಅಂತ ಒಬ್ಬಾಂವ ಇದ್ದಾನ. ಭಾಳ ಚಲೋ ಮನಷ್ಯಾ.”

ಯಾರೋ ಕಿಸಕ್ಕೆಂದರು. ನಾನು ಅವರ ಕಡೆ ನೋಡಿದೆ, ಸುಮ್ಮನಾದರು. ಅವತ್ತು ಎರಡೂ ಕಡೆಯವರು ಊಟ ಮಾಡದೆ ಎದ್ದು ಹೋದರು. ಹೆಸರುಬೇಳೆ ಪಾಯಸ ಹಂಡೆಯಲ್ಲೇ ಹಳಸಿತು.

ಆಮೇಲೆ ಮಾಡದ ಉಪಾಯವಿಲ್ಲ. ಒಂದು ಕಿವಿಗೆ ಸಣ್ತಮ್ಮ, ಇನ್ನೊಂದು ಕಿವಿಗೆ ಬೇರೆಯದು ಹೇಳಿಸಿ ನೋಡಿದೆವು. ಮಗಳು ಬಾಯಿ ತೆರೆದು ಅತ್ತಳು, ನಮಗೆ ಹೊರಗಿನ ಕಾಗೆಯ ಸದ್ದೇ ಕೇಳಿತು. ನಾನೂ ಮೂಡಿಯೂ ಇಬ್ಬರೇ ಕೂತು ಹೇಳಿದೆವು. ಅದೂ ಆಗಲಿಲ್ಲ, ತಂದೆ ತಾಯಿ ಬಾಯಿ ಲೆಕ್ಕಕ್ಕಿಲ್ಲ. ಇಪ್ಪತ್ತನೆಯ ದಿನದಿಂದ ನಮ್ಮ ಕೇರಿಯವರು ಬಾಗಿಲಲ್ಲಿ ಇಣುಕುವುದು ಕಡಿಮೆಯಾಯಿತು. ಮೂವತ್ತಕ್ಕೆ ನಿಂತೇ ಹೋಯಿತು. ನೋಡದ ಹಾಗೆ ತಲೆ ಬಗ್ಗಿಸಿಕೊಂಡು ಹಾದು ಹೋಗುತ್ತಿದ್ದರು. ಒಂದು ದಿನ ನಾನು ಬೀದಿಯ ಮಧ್ಯೆ ನಿಂತು ಕೂಗಿದೆ: “ನೋಡಿ ಹೋದ್ರೆ ನಿಮ್ಮ ಕಣ್ಣು ಸವೆದೋಯ್ತದಾ?” ಒಳಗೆ ಮೂಡಿ, “ಅವರಿಗಿ ಬೈದು ಏನ ಮಾಡ್ತಿ? ಹಗ್ಗದಾಗಿಲ್ಲದ ಹೆಸರ ಹುಡುಕು,” ಎಂದಳು. ಹಗ್ಗದಲ್ಲಿಲ್ಲದ ಹೆಸರು ನಮ್ಮವರಿಗೆ ಬುಡವಿಲ್ಲದ್ದು. ಬುಡವಿರುವ ಹೆಸರು ಅವರಿಗೆ ಹೆಣದ್ದು. ಐವತ್ತು ದಿನ ನಾವಿಬ್ಬರೂ ಒಟ್ಟಿಗೆ ಮಲಗಿದ್ದಿಲ್ಲ. ಒಬ್ಬರ ಕಣ್ಣು ಯಾವಾಗಲೂ ಮಗುವಿನ ಮೇಲೆ.

ಇದರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅವ್ವನ ಮೇಲೆ. ಒಂದೇ ಮನೆ, ಒಂದೇ ಒಲೆ. ಮಗು ಹುಟ್ಟಿದಂದಿನಿಂದ ಅವ್ವ ಅದನ್ನು ಮುಟ್ಟಿರಲಿಲ್ಲ. ಎತ್ತಿಕೋ ಎಂದರೆ ಕೈಯಲ್ಲಿ ಮಸಿ ಇದೆ ಎನ್ನುವಳು, ಹಿಟ್ಟಿದೆ ಎನ್ನುವಳು. ಹೊತ್ತು ಹುಟ್ಟಿದರೆ ಅಂಗಳದ ಒರಳಿನ ಹತ್ತಿರ ಕೂತುಬಿಡುವಳು. ಕಂಬಳಿಯವಳ ಮಗು ಎಂದು ಅಸಹ್ಯ, ಎಂದುಕೊಂಡಿದ್ದೆ. ಕೇರಿಯವರೂ ಹಾಗೇ ಅಂದುಕೊಂಡಿದ್ದರು. ಅವ್ವ ಯಾರಿಗೂ ಅಲ್ಲ ಎನ್ನಲಿಲ್ಲ.

ಆಗರದಿಂದ ದೊಡ್ಡಪ್ಪ ಅಟ್ಟಿದ ದಿನ ಮನೆಗೆ ಬಂದಾಗ ಮೂಡಿ ಹಟ್ಟಿಗೆ ಹೊರಟಿದ್ದಳು. ಕುರಿಗಳ ಉಣ್ಣೆ ಕತ್ತರಿಸುವ ದಿನ, ಕೈ ಸಾಲದೆಂದು ತಾಯಿ ಹೇಳಿ ಕಳಿಸಿದ್ದಳು. ನಾನು ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಮಗಳನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿ, ಬಾಗಿಲಿಗೂ ಅವಳಿಗೂ ಬೆನ್ನು ಕೊಟ್ಟು ಹಲಗೆಯ ಹೊಸ ಹಿಡಿ ಕೆತ್ತಲು ಕೂತೆ. ಮಚ್ಚು ಎತ್ತಿದಾಗಲೆಲ್ಲ ದಾರ ಅಡ್ಡ ಬರುತ್ತಿತ್ತು. ಎರಡು ಸಲ ಸರಿಸಿದೆ. ಮೂರನೆಯ ಸಲ ಬಿಚ್ಚಿ ಪಕ್ಕಕ್ಕಿಟ್ಟೆ. ಒಂದು ಗಳಿಗೆಯ ಕೆಲಸ, ತಿರುತಿರುಗಿ ನೋಡುತ್ತಿದ್ದರಾಯಿತು ಎಂದುಕೊಂಡೆ. ಆದರೆ ಕೆತ್ತುವಾಗ ನನ್ನ ಕಣ್ಣಿಗೆ ಕಟ್ಟಿಗೆ ಕಾಣುತ್ತಿರಲಿಲ್ಲ, ಏರಿಯ ಮೇಲೆ ನಿಂತ ದೊಡ್ಡಪ್ಪನ ಮುಖ ಕಾಣುತ್ತಿತ್ತು. ಅವನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಹೇಳುತ್ತ ಕೆತ್ತಿದೆ. ಒಳ್ಳೊಳ್ಳೆಯ ಮಾತುಗಳೇ ಹೊಳೆದವು.

“ಎತ್ತೋ! ಮಗೂನ ಎತ್ತೋ!”

ಅವ್ವನ ಗಂಟಲಿನಿಂದ ಅಂಥ ಕೂಗು ನಾನು ಅಪ್ಪ ಸತ್ತಾಗಲೂ ಕೇಳಿರಲಿಲ್ಲ. ತಿರುಗಿ ನೋಡಿದೆ. ಮಗಳು ಒದ್ದಾಡಿದ್ದಕ್ಕೆ ಹೊದಿಸಿದ್ದ ಕಂಬಳಿ ಮುಖಕ್ಕೆ ಸುತ್ತಿಕೊಂಡಿತ್ತು. ಕಾಲು ಮಾತ್ರ ಆಡುತ್ತಿತ್ತು, ಅದೂ ನಿಧಾನಕ್ಕೆ. ಕಿತ್ತು ಎತ್ತಿಕೊಂಡೆ. ಮುಖ ನೇರಳೆ ಹಣ್ಣಿನ ಹಾಗಿತ್ತು. ಬೆನ್ನು ತಟ್ಟಿದೆ, ಬಾಯಿಗೆ ಬೆರಳು ಹಾಕಿದೆ, ತಲೆಕೆಳಗಾಗಿ ಹಿಡಿದೆ. ಏನೋ ಒಂದು ಸಡಿಲವಾಯಿತು. ಎದೆ ಏರಿತು. ಬಾಯಿ ಅಗಲವಾಗಿ ತೆರೆಯಿತು, ಅತ್ತಳು, ಅಳುತ್ತಲೇ ಇದ್ದಳು, ನನಗೆ ಏನೂ ಕೇಳಲಿಲ್ಲ. ಎಷ್ಟು ಹೊತ್ತಿನಿಂದ ಅಳುತ್ತಿದ್ದಳೋ ಅದೂ ನನಗೆ ಗೊತ್ತಿಲ್ಲ. ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ.

ಅವ್ವ ಹೊಸಿಲಿನ ಹೊರಗೆ ಕುಸಿದು ಕೂತಿದ್ದಳು. ಆಗ ನೋಡಿದೆ, ಅಂಗಳದ ಒರಳಿನ ಹತ್ತಿರ ಅವಳು ದಿನಾ ಕೂರುವ ಜಾಗದಿಂದ ನೇರಕ್ಕೆ ನಡುಮನೆಯ ಚಾಪೆ ಕಾಣುತ್ತದೆ. ಐವತ್ತು ದಿನದಿಂದ ಅವಳು ಅಲ್ಲಿ ಕೂತಿದ್ದದ್ದು ಅದಕ್ಕೆ.

“ದಾರ ಎಲ್ಲಿ?” ಎಂದಳು.

“ಅಡ್ಡ ಬತ್ತಿತ್ತು ಕಣವ್ವ. ಬಿಚ್ಚಿದೆ.”

“ನಂಗೂ ಅಡ್ಡ ಬಂತು ಅಂತಾನೇ ಬಿಚ್ಚಿದ್ದು,” ಎಂದಳು ಅವ್ವ.

ನನಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿ, ಹೆಸರಿಡುವ ಮೊದಲೇ ಜ್ವರ ಬಂದು ಹೋಯಿತೆಂದು ಬೋರತ್ತೆ ಯಾವಾಗಲೋ ಹೇಳಿದ್ದಳು. ಅದನ್ನೇ ಅವ್ವನಿಗೆ ಹೇಳಿದೆ. ಅವ್ವ ತಲೆ ಅಲ್ಲಾಡಿಸಿದಳು.

“ಜ್ವರ ಬಂದಿರ್ಲಿಲ್ಲ. ಅವಳು ಹುಟ್ಟಿದ ದಿನ ಆ ವರ್ಷದ ಮೊದ್ಲ ಹರಳು ಕಟ್ತು ಪಾತೀಲಿ. ಒಂಬತ್ತನೇ ದಿನಕ್ಕೆ ನಿಮ್ಮ ದೊಡ್ಡಪ್ಪ ಬಂದು, ಜನ ಸಾಲ್ದು, ಮೋಡ ಆಗೋದ್ರೊಳಗೆ ಎಳೀಬೇಕು, ಬಾ ಅಂದ. ಹೋದೆ. ಮಗೂನ ಬುಟ್ಟೀಲಿ ಮಲಗ್ಸಿ ಏರಿ ಮೇಲೆ ಇಟ್ಟು, ದಾರ ಕಟ್ಕೊಂಡು ಪಾತಿಗಿಳಿದೆ. ದಾರ ಹಲಗೆಗೆ ಸುತ್ಕೊಳ್ಳೋದು. ಬಿಡಿಸ್ಕೊಳ್ಳೋದು, ಸುತ್ಕೊಳ್ಳೋದು. ‘ಬಿಚ್ಚು ಹೊನ್ನಿ, ಇಷ್ಟು ಜನದ ಕಣ್ಣು ಅಲ್ಲೇ ಐತೆ, ಏನಾಯ್ತದೆ’ ಅಂದ ನಿಮ್ಮ ದೊಡ್ಡಪ್ಪ. ಬಿಚ್ದೆ. ಬಿಸ್ಲು ತಿರುಗ್ತು. ಬುಟ್ಟಿ ಮೇಲೆ ಕಟ್ಟಿದ್ದ ನೆರಳು ಪಕ್ಕಕ್ಕೆ ಸರೀತು. ಎಲ್ರೂ ಬಗ್ಗಿ ಉಪ್ಪು ಎಳೀತಿದ್ವಿ. ಇಪ್ಪತ್ತು ಜನ ಇದ್ವಿ ಕಣೋ. ಮೇಲೆ ಹತ್ತಿ ನೋಡಿದ್ರೆ ಬಾಯಿ ಅಷ್ಟಗಲ ತೆರ್ಕೊಂಡೇ ಇತ್ತು.”

ಮಗಳು ನನ್ನ ಹೆಗಲ ಮೇಲೆ ಬಿಕ್ಕುತ್ತಿದ್ದಳು. ಬಿಕ್ಕು ಎದೆಗೆ ತಾಗುತ್ತಿತ್ತು. ನಾನು ಅವಳನ್ನು ಚಾಪೆಯ ಮೇಲೆ ಇಟ್ಟು ಎದ್ದೆ. ಎಲ್ಲಿಗೆ ಎಂದು ಅವ್ವ ಕೇಳಬೇಕಾಗಿರಲಿಲ್ಲ. ನನ್ನ ಕೈಯಲ್ಲಿ ಮಚ್ಚಿತ್ತು. ಅವ್ವ ನನ್ನ ಕಾಲು ಹಿಡಿದುಕೊಂಡಳು.

“ಬಿಚ್ಚಿದ್ದು ನನ್ನ ಕೈ. ಅವನ ಬಾಯಿ ಏನಾರ ಅಂದಿರ್ಲಿ, ಬಿಚ್ಚಿದ್ದು ನನ್ನ ಕೈ. ಅವನು ಅಂದದ್ದನ್ನ ಯಾರ ಮುಂದೇನೂ ಆಡಬ್ಯಾಡ. ಅವನ ತಲೆ ಒಡೆದ್ರೆ ಇವಳ ಅಳು ಕೇಳ್ತದಾ ನಿಂಗೆ? ಕೂತ್ಕೊ. ಮಚ್ಚು ಇಡು. ಹೆಸರು ಹೇಳ್ತೀನಿ, ತಗೊ.”

ಕೂತೆ.

“ಎಲ್ರೂ ಸಣ್ತಮ್ಮ ಅಂತ ಇಡೋರಿದ್ರು. ನಾನು ಒಂಬತ್ತು ದಿನಾನೂ ಮನಸ್ಸಲ್ಲಿ ಬೇರೆ ಕರ್ಕೊಂಡೆ. ಹರಳು ಅಂತ. ನಿಮ್ಮಪ್ಪನ ಹತ್ರಾನೂ ಅಂದಿಲ್ಲ. ಇವತ್ತೇ ಬಾಯಿಗೆ ಬಂದದ್ದು.”

ನಮ್ಮ ಮನೆಯಲ್ಲಿ ಸತ್ತವಳದು. ಯಾರೂ ಇಟ್ಟುಕೊಳ್ಳದ್ದು. ನನ್ನ ತಲೆಗೆ ಇದು ಹೊಳೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಮೂಡಿಗೆ ಹೊಳೆದಿತ್ತು. ಯಾವಾಗ ಬಂದಳೋ, ಸೆರಗಿನ ತುಂಬ ಉಣ್ಣೆಯ ಎಳೆ. ಅವಳು ಮಗುವನ್ನು ಎತ್ತಿಕೊಂಡಳು, ನೇರಳೆ ಬಣ್ಣ ಇನ್ನೂ ಪೂರ್ತಿ ಇಳಿಯದ ಮುಖ ನೋಡಿದಳು, ಕಾಲಿನಲ್ಲಿ ಜೋತಾಡುತ್ತಿದ್ದ ದಾರ ನೋಡಿದಳು. ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವ್ವನ ಹತ್ತಿರ ಕೂತು, “ಅತ್ತಿ, ನಮ್ಮ ಹಟ್ಟಿಗೆ ಬರ್ತೀರೇನು? ನಮ್ಮವ್ವನ ಮುಂದ ನೀವ ಹೇಳಬೇಕು,” ಎಂದಳು.

ಅವ್ವ ಅವತ್ತು ಮೊದಲ ಸಲ ಕಾಲುವೆ ದಾಟಿದಳು.

ದಾರಿಯುದ್ದಕ್ಕೂ ನಾನು ಅವ್ವನಿಗೆ ಹೇಳಿಕೊಟ್ಟೆ. “ಹೆಸರು ಅಷ್ಟೇ ಹೇಳು. ಸತ್ತವಳದು ಅಂತ ಅನ್ನಬ್ಯಾಡ. ಅವರಿಗೆ ಯಾಕೆ ಬೇಕು?” ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹಟ್ಟಿಯಲ್ಲಿ ಉಣ್ಣೆ ಕತ್ತರಿಸಿದ ಕುರಿಗಳು ಬೆತ್ತಲೆ ಮೈಯಲ್ಲಿ ನಾಚಿದ ಹಾಗೆ ಒಂದರ ಹಿಂದೆ ಒಂದು ನಿಂತಿದ್ದವು. ಹಬೆಯವ್ವ ಮಜ್ಜಿಗೆ ಕೊಟ್ಟಳು. ಅವ್ವ ಹೆಸರು ಹೇಳಿದಳು, ಕೋಲಜ್ಜ ಹಗ್ಗ ತಂದ. ಕಣ್ಣು ಮಂಜಾಗಿದ್ದರಿಂದ ಬೆರಳಲ್ಲೇ ಓದುತ್ತಾನೆ. ಒಂದೊಂದು ಗಂಟನ್ನೂ ಹೆಬ್ಬೆರಳಿನಿಂದ ಒತ್ತುತ್ತ, ತುಟಿ ಅಲ್ಲಾಡಿಸುತ್ತ ಹೋದ. ಹೆಸರುಗಳನ್ನು ಬಾಯಿಬಿಟ್ಟು ಅನ್ನುವಂತಿಲ್ಲ, ಅರ್ಧಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹೊತ್ತು ದಿಣ್ಣೆಯ ಆಚೆಗೆ ವಾಲಿತು. ಕೊನೆಯ ಗಂಟು ಮುಗಿಸಿ, “ಈ ಹೆಸರ ಇಲ್ಲ,” ಎಂದ.

ಮೂಡಿ ಉಸಿರುಬಿಟ್ಟಳು. ಅಲ್ಲಿಗೆ ಮುಗಿಸಿ ಎದ್ದಿದ್ದರೆ ಆಗುತ್ತಿತ್ತು. ಅವ್ವ ಏಳಲಿಲ್ಲ.

“ಬೀಗ್ತಿ, ಇದು ಸತ್ತ ಮಗೂದು,” ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ದೊಡ್ಡಪ್ಪನ ಮಾತೊಂದನ್ನು ಬಿಟ್ಟು.

ನಾನು ಕಣ್ಣು ಮುಚ್ಚಿಕೊಂಡೆ. ಆಯಿತು, ಎಲ್ಲ ಹೋಯಿತು, ಎಂದುಕೊಂಡೆ. ಹಬೆಯವ್ವನ ಕೈ ಉಣ್ಣೆಯನ್ನು ಬಿಡಿಸುತ್ತಲೇ ಇತ್ತು.

“ಆ ಹೆಸರು ಹಿಡದು ಆ ಕೂಸಿಗೆ ಯಾರರೆ ಕರದಿದ್ರೇನು?”

“ಇಲ್ಲ.”

“ನೀವು?”

“ಮನಸ್ಸಲ್ಲಿ.”

“ಬಾಯಿಲೆ?”

“ಹನ್ನೆರಡು ದಿನ ತುಂಬ್ಲಿ ಅಂತ ಕಾಯ್ತಿದ್ದೆ,” ಎಂದಳು ಅವ್ವ.

ಹಬೆಯವ್ವ ಉಣ್ಣೆ ಕೆಳಗಿಟ್ಟಳು. “ಹಂಗಾರ ಅದು ಯಾರ ಮೈಮ್ಯಾಲೂ ಬಿದ್ದಿಲ್ಲ. ಆ ಕೂಸು ಬರಿಗೈಲೆ ಹೋಗ್ಯದ. ಅದು ತಗೊಂಡು ಹೋಗಲಾರದ್ದನ್ನ ಇದಕ್ಕ ಕೊಟ್ರ ತಪ್ಪಿಲ್ಲ. ನಾ ಅಂತೀನಿ.”

“ನಾ ಅನ್ನಾಂಗಿಲ್ಲ,” ಎಂದ ಕೋಲಜ್ಜ. “ಉಸರಾಡಿ ಸತ್ತದ್ದು ಸತ್ತದ್ದ. ಗಂಟು ಹಾಕ್ತೀನಿ, ಅದು ನನ್ನ ಕೆಲಸ. ಬಾಯಿಲೆ ಅನ್ನಾಂಗಿಲ್ಲ. ನನಗ ಇದರ ಅಳು ಕೇಳಲಿಲ್ಲಂದ್ರೂ ನಡೀತದ, ಇನ್ನೆಷ್ಟು ದಿನ ಇರವ ನಾ.” ಹಾಗೆಂದು ಹಗ್ಗದ ತುದಿಯಲ್ಲಿ ಹೊಸ ಗಂಟು ಹಾಕಿ, ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿದ. ಅವನು ಇವತ್ತಿಗೂ ಅಂದಿಲ್ಲ. ಮಗಳು ಅವನ ತೊಡೆಯ ಮೇಲೆ ಕೂತು ಕಿರುಚಿದರೂ ಹುಬ್ಬು ಅಲ್ಲಾಡಿಸುವುದಿಲ್ಲ.

ಮರುದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಹೆಸರು. ಆಗರ ಬಿಟ್ಟು ಇಡೀ ಕೇರಿ ಬಂತು. ಐವತ್ತು ದಿನದಲ್ಲಿ ಇಣುಕದವರೂ ಅಂಗಳದಲ್ಲಿ ತುದಿಗಾಲಲ್ಲಿ ನಿಂತಿದ್ದರು. ದೊಡ್ಡಪ್ಪ ಬಾಗಿಲುವಾಡಕ್ಕೆ ಒರಗಿ ನಿಂತಿದ್ದ. ಬೋರತ್ತೆ ಬಂದವಳೇ, “ಯಾರ ಹೆಸ್ರು, ಮೊದ್ಲು ಅದನ್ನೇಳಿ. ಹಿಂದೆ ಒಂದು ಜೀವ ಇಲ್ದಿರೋ ಹೆಸರ್ನ ನಾನಂತೂ ಅನ್ನಲ್ಲ,” ಎಂದಳು.

“ನನ್ನ ಮೊದಲ ಮಗಳದು,” ಎಂದಳು ಅವ್ವ.

“ಅದಕ್ಕೆ ಹೆಸರೇ ಇಟ್ಟಿರ್ಲಿಲ್ವಲ್ಲೇ ಹೊನ್ನಿ. ಜ್ವರ ಬಂದು—”

“ಜ್ವರ ಬಂದಿರ್ಲಿಲ್ಲ. ನಾನು ದಾರ ಬಿಚ್ಚಿದ್ದೆ.”

ಅವ್ವ ಎಲ್ಲರ ಮುಂದೆ ಅದನ್ನು ಹೇಳಿದಳು, ನಿಂತುಕೊಂಡೇ, ಯಾರ ಕಡೆಗೂ ನೋಡದೆ. ಅವತ್ತು ಪಾತಿಯಲ್ಲಿದ್ದ ಇಪ್ಪತ್ತು ಜನರಲ್ಲಿ ಏಳೆಂಟು ಮಂದಿ ಆ ಅಂಗಳದಲ್ಲೇ ಇದ್ದರು, ಈಗ ತಲೆ ನೆರೆತವರು. ಒಬ್ಬ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಿಚ್ಚು ಎಂದವರು ಯಾರು ಎಂದು ಅವ್ವ ಹೇಳಲಿಲ್ಲ. ನಾನು ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದೆ. ಹೇಳುತ್ತಾಳೆ, ಈಗ ಹೇಳುತ್ತಾಳೆ, ಎಂದು ಅವನು ಕಾಯುತ್ತಿದ್ದ. ನನಗೆ ಬಾಯಿ ತುರಿಸುತ್ತಿತ್ತು. ಮೂಡಿ ನನ್ನ ಕೈ ಹಿಡಿದಿದ್ದಳು, ಉಗುರು ಇಳಿಯುವಷ್ಟು ಬಿಗಿಯಾಗಿ.

ಬೋರತ್ತೆ ಹಿಂದಕ್ಕೆ ಸರಿದು, “ಬಲಗಿವಿಗೆ ನೀನೇ ಹೇಳು ಹೊನ್ನಿ. ನಿಂದೇ ಅದು,” ಎಂದಳು.

ಅವ್ವ ಮಗುವನ್ನು ಮೊದಲ ಸಲ ಎತ್ತಿಕೊಂಡಳು. ಹಬೆಯವ್ವ ಕೆಳಗಿನಿಂದ ತನ್ನ ಕೈ ಕೊಟ್ಟಳು. ಇಬ್ಬರೂ ಬಗ್ಗಿದರು. ಎರಡು ನರೆತ ತಲೆಗಳ ನಡುವೆ ಮಗಳ ಮುಖ ಕಾಣಲಿಲ್ಲ. ಒಂದೇ ಉಸಿರಿಗೆ ಅಂದರು. ಅವರು ಅಂದ ಕೂಡಲೇ ನಾನೂ ಮೂಡಿಯೂ ಅಂದೆವು.

ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ, ಒರಟು, ಸಿಟ್ಟಿನ ಸದ್ದು. ಒಣಗಿದ ಬಾಗಿಲಿನ ತಿರುಗಣಿಯಂಥದು. ಅದು ಏರಿತು, ಮುರಿಯಿತು, ಮತ್ತೆ ಏರಿತು. ಐವತ್ತೊಂದು ದಿನ ಅತ್ತದ್ದೆಲ್ಲ ಈಗ ಹೊರಗೆ ಬರುತ್ತಿದೆಯೋ ಎನ್ನುವಷ್ಟು ಜೋರು. ಮೂಡಿ ನೆಲದ ಮೇಲೆ ಕೂತು ಎರಡೂ ಕಿವಿಗೆ ಕೈ ಅಡ್ಡ ಇಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟು ನೋಡುತ್ತಿದ್ದಳು. ಅಂಗಳದವರಿಗೆ ಇನ್ನೂ ಕೇಳುತ್ತಿರಲಿಲ್ಲ. ಅವರು ನಮ್ಮ ಮುಖ ನೋಡುತ್ತ ನಿಂತಿದ್ದರು. ಬೋರತ್ತೆ ಮೆಲ್ಲಗೆ “ಹರಳು” ಎಂದಳು, ಬೆಚ್ಚಿಬಿದ್ದಳು, “ಅಯ್ಯೋ ಎಂಥಾ ಗಂಟ್ಲು ಇದ್ರದ್ದು!” ಎಂದು ಅತ್ತುಬಿಟ್ಟಳು. ಬಾಯಿ ಮುಚ್ಚಿಕೊಂಡಿದ್ದ ಮುದುಕಿ ಸೆರಗು ತೆಗೆದು ಅಂದಳು. ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಅಂದವರ ತಲೆ ಒಂದೊಂದಾಗಿ ಮಗುವಿನ ಕಡೆಗೆ ತಿರುಗುತ್ತಿತ್ತು. ಅವ್ವ ಯಾರ ಕಡೆಗೂ ನೋಡಲಿಲ್ಲ. ಮಗುವನ್ನು ಎದೆಗವಚಿಕೊಂಡು, ಸಮಾಧಾನ ಮಾಡದೆ, ಅಳಲು ಬಿಟ್ಟು, ಕೇಳಿಸಿಕೊಳ್ಳುತ್ತ ಕೂತಿದ್ದಳು.

ಪಾನಕದ ಬಿಂದಿಗೆ ಹಿಡಿದು ನಾನು ಹೊರಗೆ ಬಂದೆ. ಬಂದವರಿಗೆಲ್ಲ ಹಂಚಿ ಕೊನೆಗೆ ಬೇಲಿಯ ಹತ್ತಿರ ಹೋದರೆ ಅಲ್ಲಿ ದೊಡ್ಡಪ್ಪ ನಿಂತಿದ್ದ. ಯಾವಾಗ ಬಾಗಿಲು ಬಿಟ್ಟು ಅಲ್ಲಿಗೆ ಹೋದನೋ. ಮುಖದ ನೀರಿಳಿದಿತ್ತು. ಲೋಟ ಕೈಗೆ ಕೊಟ್ಟೆ. ಕುಡಿಯಲಿಲ್ಲ.

“ಅಳ್ತಾ ಐತೇನ್ಲಾ ಇನ್ನೂ?” ಎಂದು ಕೇಳಿದ.

ಅಂದರೆ ಅವನು ಆ ಹೆಸರನ್ನು ಅಂದಿರಲಿಲ್ಲ. ಇಡೀ ಕೇರಿಗೆ ಕೇಳುತ್ತಿದ್ದ ಸದ್ದು ಅವನೊಬ್ಬನಿಗೆ ಕೇಳುತ್ತಿರಲಿಲ್ಲ. ಅವನ ತುಟಿ ಒಂದು ಸಲ ಕೂಡಿತು, ಅನ್ನಲಿಕ್ಕೆ ಹೊರಟ ಹಾಗೆ. ಮತ್ತೆ ಬಿಟ್ಟ. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ.

“ನಿಮ್ಮವ್ವ...” ಎಂದ. “ನಿಮ್ಮವ್ವ ನಿನ್ನ ಹತ್ರ ನನ್ನ ವಿಚಾರ ಏನಾರ ಅಂದ್ಲೇನ್ಲಾ?”

ಹನ್ನೆರಡು ವರ್ಷದಿಂದ ನಾನು ಅವನಿಗೆ ಕೂಡಿಟ್ಟ ಮಾತುಗಳಿದ್ದವು, ಹಲಗೆಯ ಹಿಡಿ ಕೆತ್ತುವಾಗ ಹೊಳೆದವೂ ಇದ್ದವು. ಅವು ಯಾವುವೂ ಬೇಕಾಗಿರಲಿಲ್ಲ. ಹೂಂ ಎಂದಿದ್ದರೆ ಸಾಕಿತ್ತು, ಅಲ್ಲೇ ಕುಸಿಯುತ್ತಿದ್ದ. ಇಲ್ಲ ಎಂದಿದ್ದರೂ ಸಾಕಿತ್ತು, ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದ. ನಾನು ಬಿಂದಿಗೆಯನ್ನು ಬೇಲಿಯ ಕಲ್ಲಿನ ಮೇಲೆ ಇಟ್ಟು ಬೀದಿಗೆ ಇಳಿದೆ. ಮಗಳ ಅಳು ಎಲ್ಲಿಯವರೆಗೆ ಕೇಳುತ್ತದೋ ನೋಡಬೇಕಿತ್ತು. ಅವನು ಹಿಂದಿನಿಂದ ಇನ್ನೊಂದು ಸಲ ಕೇಳಿದ. ನಾನು ನಡೆಯುತ್ತಲೇ ಹೋದೆ, ಕೇರಿ ಮುಗಿಯಿತು, ಕಾಲುವೆಯ ತಿರುವು ಬಂತು, ಅಲ್ಲೂ ಕೇಳುತ್ತಿತ್ತು.